ಟೊಮೆಟೊ ಹಣ್ಣಾಗುವವರೆಗೆ

ಮೊದಲ ದಿನ ನಾನು ನೀರು ಹಾಕಿದ್ದು ಸಲೂನಿನವರ ತಲೆಗೆ.

ನಮ್ಮದು ಮೊದಲನೇ ಮಹಡಿ. ನಾಲ್ಕು ಮನೆಗಳಿಗೆ ಒಂದೇ ಉದ್ದನೆಯ ವರಾಂಡ. ಬೆಳಗಿನ ಬಿಸಿಲು ಚೆನ್ನಾಗಿ ಬೀಳುವುದು ನನ್ನ ಬಾಗಿಲ ಮುಂದೆ ಮಾತ್ರ. ನನ್ನ ತೂಗುಬುಟ್ಟಿಗೂ ಆ ಜಾಗವೇ ಬೇಕು, ಎರಡು ಬಾಗಿಲಾಚೆಯ ಸಲೂನಿನವರ ಕುರ್ಚಿಗೂ ಆ ಜಾಗವೇ ಬೇಕು. ನಾನು ಒಳಗೆ ಹೋಗಿ ಚೊಂಬು ತರುವಷ್ಟರಲ್ಲಿ ಅವರು ಬಂದು ಬುಟ್ಟಿಯ ಕೆಳಗೆ, ಆಚೆ ಬದಿಗೆ ಕೂತಿದ್ದರು. ಬುಟ್ಟಿ ಅಡ್ಡವಿತ್ತು, ನನಗೆ ಕಾಣಲಿಲ್ಲ. ಸ್ಟೂಲ್ ಹತ್ತಿ ಇಡೀ ಚೊಂಬು ಸುರಿದೆ. ಅವತ್ತೇ ನೆಟ್ಟ ಗಿಡ, ಬಾಯಾರಿರುತ್ತೆ ಅಂದುಕೊಂಡೆ.

ಅವರು ಕೂದಲಿಗೆ ಕಪ್ಪು ಬಣ್ಣ ಹಚ್ಚಿ ಒಣಗಿಸಿಕೊಳ್ಳುತ್ತಿದ್ದರು. ಬುಟ್ಟಿಯ ತಳದಿಂದ ಇಳಿದ ನೀರು ನೆತ್ತಿಗೆ ಬಿದ್ದು, ಬಣ್ಣವನ್ನೂ ಕರೆದುಕೊಂಡು ಕಿವಿಯ ಹಿಂದೆ ಹರಿದು, ಬಿಳಿ ಬನಿಯನ್ನಿನ ಮೇಲೆ ಮೂರು ಗೆರೆ ಎಳೆಯಿತು. ಅವರು ಏಳಲಿಲ್ಲ, ಕೂಗಲಿಲ್ಲ. ಮೆಲ್ಲಗೆ ತಲೆ ಎತ್ತಿ ನನ್ನನ್ನು ನೋಡಿದರು.

“ಟೈಲರಮ್ಮ, ಈ ತಲೇಲಿ ಇನ್ನೇನೂ ಬೆಳೆಯಲ್ಲ. ಸುಮ್ನೆ ನೀರು ದಂಡ.”

ನಗಬಾರದು ಅಂತ ತುಟಿ ಕಚ್ಚಿದೆ. ಆಗಲಿಲ್ಲ. ಸ್ಟೂಲ್ ಇಳಿದು ಅದರ ಮೇಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ಅವತ್ತಿನಿಂದ ಅವರು ಬಣ್ಣ ಹಚ್ಚುವುದನ್ನು ಬಿಟ್ಟರು. ಬೆಳ್ಳಗಿದ್ದರೇ ಮುಖಕ್ಕೆ ಕಳೆ ಅಂತ ನಾನೇ ಒಂದು ದಿನ ಬಾಯಿ ತಪ್ಪಿ ಹೇಳಿದೆ. ಹೇಳಿ, ಒಲೆಯ ಮೇಲೆ ಏನೋ ಇದೆ ಅಂತ ಒಳಗೆ ಓಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅದಕ್ಕೂ ಮೊದಲು ಹನ್ನೊಂದು ವರ್ಷ ನಾವು ಎರಡು ಬಾಗಿಲ ಅಂತರದಲ್ಲಿದ್ದೆವು. ಊಟ ಆಯ್ತಾ, ನಲ್ಲೀಲಿ ನೀರು ಬಂತಾ, ಇಷ್ಟೇ ಮಾತು. ಅವರ ಹೆಂಡತಿ ತೀರಿಕೊಂಡಾಗ ನಾಲ್ಕು ದಿನ ನಾನೇ ಅಡುಗೆ ಮಾಡಿ ಕಳಿಸಿದ್ದೆ. ಪಾತ್ರೆ ತೊಳೆದು, ಒರೆಸಿ, ನನ್ನ ಬಾಗಿಲ ಮುಂದೆ ಇಟ್ಟು ಹೋಗಿದ್ದರು. ಗಂಡಸರು ತೊಳೆದ ಪಾತ್ರೆಯ ತಳದಲ್ಲಿ ಜಿಡ್ಡು ಉಳಿದಿರುತ್ತೆ. ಅವರು ತೊಳೆದದ್ದರಲ್ಲಿ ಇರಲಿಲ್ಲ. ಒಂಬತ್ತು ವರ್ಷದ ಹಿಂದಿನ ಮಾತು, ನನಗೆ ಆ ಪಾತ್ರೆಯ ಹೊಳಪು ಕೂಡ ನೆನಪಿದೆ.

ನಾನು ಮೂವತ್ತನಾಲ್ಕು ವರ್ಷ ರೆಡಿಮೇಡ್ ಬಟ್ಟೆ ಕಾರ್ಖಾನೆಯಲ್ಲಿ ಪ್ಯಾಂಟಿನ ಕಾಲು ಮಡಿಸಿ ಹೊಲಿದವಳು. ಕಣ್ಣು ಮಂಜಾಯಿತು, ಕೆಲಸ ಬಿಟ್ಟೆ. ಬಿಟ್ಟ ಮೇಲೆ ಕೈ ಸುಮ್ಮನಿರುತ್ತಿರಲಿಲ್ಲ, ಚಾಪೆಯ ಅಂಚು ಕೀಳುತ್ತಾ ಕೂರುತ್ತಿದ್ದೆ. ಬಸ್ ಸ್ಟಾಪಿನ ಪಕ್ಕದ ನರ್ಸರಿಯವಳು ಅದನ್ನು ಹೇಗೆ ಕಂಡುಕೊಂಡಳೋ, ಎಂಟು ಟೊಮೆಟೊ ಸಸಿ ಕಟ್ಟಿಕೊಟ್ಟಳು. ನೆಲ ಇಲ್ಲದವರಿಗೇ ಇರುವ ಜಾತಿಯಂತೆ ಇದು. ಮೇಲಕ್ಕೆ ಹತ್ತುವುದಿಲ್ಲ, ಬುಟ್ಟಿಯಿಂದ ಜಡೆ ಬಿಟ್ಟ ಹಾಗೆ ಕೆಳಕ್ಕೆ ಇಳಿಯುತ್ತಂತೆ. ಪಕ್ಕದ ಕವಲು ಚಿವುಟಬೇಡ, ಹಣ್ಣು ಬರುವುದೇ ಅದರಲ್ಲಿ ಅಂತ ಎರಡು ಸಲ ಹೇಳಿದಳು.

ನಾನು ಎರಡು ಬುಟ್ಟಿಗೆ ನಾಲ್ಕು ನಾಲ್ಕು ನೆಟ್ಟಿದ್ದೆ. ಸಲೂನಿನವರು ನೋಡಿ, ಒಂದು ಕುರ್ಚಿಗೆ ನಾಲ್ಕು ಗಿರಾಕಿ ಕೂರಿಸಿದ್ದೀರಲ್ಲ, ಯಾರಿಗೂ ಕಟಿಂಗ್ ಆಗಲ್ಲ ಅಂದರು. ಇನ್ನೆರಡು ತಂತಿಬುಟ್ಟಿ ಹುಡುಕಿ ತಂದವರೂ ಅವರೇ. ನಾನು ಗೋಣಿಚೀಲ ಕತ್ತರಿಸಿ ನಾಲ್ಕಕ್ಕೂ ಲೈನಿಂಗ್ ಹೊಲಿದೆ. ತೂಗುಬುಟ್ಟಿ ಬೇಗ ಒಣಗುತ್ತೆ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೋಡಬೇಕು. ಅವರು ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟು ಎತ್ತಿ ನೋಡುತ್ತಿದ್ದರು. ಹಗುರ ಅಂದರೆ ನಾನು ನೀರು ತರುತ್ತಿದ್ದೆ. ಭಾರ ಅಂದರೆ ಕಾಫಿ ತರುತ್ತಿದ್ದೆ. ಬರಬರುತ್ತಾ ಬುಟ್ಟಿಗಳು ಭಾರವಾಗಿರುವುದೇ ಹೆಚ್ಚಾಯಿತು.

ಕಾಫಿ ಕುಡಿಯುತ್ತಾ ಅವರ ಕಣ್ಣು ನನ್ನ ಕೂದಲಿನ ಮೇಲೆ ನಿಲ್ಲುತ್ತಿತ್ತು. ಕೆನ್ನೆ ಬಿಸಿಯಾಗಿ ನಾನು ಕೈಯಿಂದ ಸರಿಮಾಡಿಕೊಳ್ಳುತ್ತಿದ್ದೆ. ಒಂದು ದಿನ ತಡೆಯಲಾರದೆ ಏನು ನೋಡ್ತೀರಿ ಅಂತ ಕೇಳಿಯೇಬಿಟ್ಟೆ. ತುದಿ ಇಷ್ಟು ಸೊಟ್ಟ ಕತ್ತರಿಸಿದವರು ಯಾರು ಅಂದರು. ನಾನೇ ಅಂದೆ. ಅವರು ಬಿಟ್ಟ ನಿಟ್ಟುಸಿರು ಕೆಳಗಿನ ರಸ್ತೆಗೆ ಕೇಳಿಸಿರಬೇಕು.

ಹೀಗಿರುವಾಗ ನನ್ನ ತಮ್ಮ ಫೋನ್ ಮಾಡಿದ. ಅಪ್ಪ ಅಮ್ಮ ಹೋದಾಗ ಅವನಿಗೆ ಆರು ವರ್ಷ, ಸಾಕಿದವಳು ನಾನು. ನನಗೆ ಇಪ್ಪತ್ತಮೂರಿದ್ದಾಗ ಒಬ್ಬರು ಹೆಣ್ಣು ಕೇಳಿಕೊಂಡು ಬಂದಿದ್ದರು. ತಮ್ಮನ ಶಾಲೆ ಮುಗಿಯಲಿ ಅಂದೆ. ಅವರು ಎರಡನೇ ಸಲ ಕೇಳಲಿಲ್ಲ, ಬೇರೆ ಯಾರೂ ಬರಲಿಲ್ಲ. ಆ ತಮ್ಮನಿಗೆ ನಾನು ಒಂದು ದಿನವೂ ಇಲ್ಲ ಅಂದವಳಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಎರಡು ಮಕ್ಕಳು, ಹೊಸ ಮನೆಯಲ್ಲಿ ನನಗೇ ಒಂದು ರೂಮ್ ಇಟ್ಟಿದ್ದಾನೆ. ಮನೆ ಖಾಲಿ ಮಾಡು ಅಕ್ಕ, ಟೆಂಪೊ ತರ್ತೀನಿ ಅಂದ. ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಟೊಮೆಟೊ ಹಣ್ಣಾಗಲಿ, ಆಮೇಲೆ ಬರ್ತೀನಿ ಅಂದುಬಿಟ್ಟೆ.

ವರಾಂಡದಲ್ಲಿ, ಸ್ಪೀಕರ್ ಹಾಕಿಕೊಂಡು ಮಾತಾಡಿದ್ದೆ. ಸಲೂನಿನವರು ಪಕ್ಕದಲ್ಲೇ ಇದ್ದರು. ಕಪ್ಪಿನಲ್ಲಿ ಅರ್ಧ ಕಾಫಿ ಬಿಟ್ಟು ಎದ್ದು ಹೋದರು.

ಆ ವಾರವೇ ಗಿಡ ಹೂವು ಬಿಟ್ಟಿತು. ಹಳದಿ, ಚಿಕ್ಕ ಚಿಕ್ಕ ನಕ್ಷತ್ರ. ಸಂಜೆ ನೋಡಿ ಮಲಗಿದರೆ ಬೆಳಿಗ್ಗೆ ಇಲ್ಲ. ಮತ್ತೆ ಬಿಟ್ಟಿತು, ಮತ್ತೆ ಇಲ್ಲ. ಹಕ್ಕಿ ಅಂದುಕೊಂಡೆ. ಬಿಸಿಲು ಜಾಸ್ತಿಯಾಯಿತೇನೋ ಅಂತ ಬುಟ್ಟಿ ಸರಿಸಿದೆ, ಗೊಬ್ಬರದ ನೀರು ಹಾಕಿದೆ. ಮೂರು ವಾರವಾದರೂ ಒಂದು ಕಾಯಿ ಕಚ್ಚಲಿಲ್ಲ. ಸಲೂನಿನವರನ್ನು ಕೇಳಿದರೆ ಅವರು ಆಕಾಶ ನೋಡುತ್ತಿದ್ದರು.

ಕೊನೆಗೆ ಒಂದು ದಿನ ಕನ್ನಡಕ ಹಾಕಿಕೊಂಡು, ಬುಟ್ಟಿ ಇಳಿಸಿ ಮಡಿಲಲ್ಲಿಟ್ಟುಕೊಂಡು ನೋಡಿದೆ. ತಾನಾಗಿ ಉದುರಿದ ಹೂವಿನ ತೊಟ್ಟು ಒಣಗಿ ಸುಕ್ಕಾಗಿರುತ್ತೆ. ಇದು ಹಸಿಯಾಗಿತ್ತು, ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿದ್ದು. ಕಣ್ಣು ಮಂಜಾದರೂ ಕತ್ತರಿಯ ಗುರುತು ನನಗೆ ತಪ್ಪುವುದಿಲ್ಲ. ದಪ್ಪ ಅಲಗಿನ ಟೈಲರ್ ಕತ್ತರಿಯಲ್ಲ. ತೆಳ್ಳನೆಯದು, ಉದ್ದನೆಯದು, ದಿನಾ ಸಾಣೆ ಕಾಣುವಂಥದ್ದು.

ಮರುದಿನ ಹಾಲಿನವನು ಹೋದ ಮೇಲೆ ಬಾಗಿಲ ಸಂದಿಯಲ್ಲಿ ನಿಂತೆ. ಅವರು ಬಂದರು. ಸ್ಟೂಲ್ ಹತ್ತಿ, ಹೂವಿನ ಗೊಂಚಲನ್ನು ಎರಡು ಬೆರಳ ನಡುವೆ ಹಿಡಿದರು, ಗಿರಾಕಿಯ ಮುಂಗೂದಲು ಹಿಡಿಯುವ ಹಾಗೆ. ಕಚಕ್. ಬಿದ್ದ ಹೂವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಶರ್ಟಿನ ಜೇಬಿಗೆ ಹಾಕಿಕೊಂಡರು. ತುಟಿ ಏನೋ ಮಣಮಣ ಅನ್ನುತ್ತಿತ್ತು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಹೋಗದಿರಲಿ ಅಂತ ಒಬ್ಬರು ಕಳ್ಳತನ ಮಾಡುತ್ತಿದ್ದಾರೆ. ಅರವತ್ತು ವರ್ಷದಲ್ಲಿ ಇಂಥದ್ದು ನನಗೆ ಇದೇ ಮೊದಲು.

ಬಾಗಿಲು ತೆಗೆದೆ. “ಹೂವು ಯಾರಿಗೆ?”

ಅವರು ಸ್ಟೂಲಿನ ಮೇಲೇ ನಿಂತು, ಮಗುವಿನ ಹಾಗೆ ನಿಜ ಹೇಳಿದರು. “ಕಾಯಾದ್ರೆ ಹಣ್ಣಾಗುತ್ತೆ. ಹಣ್ಣಾದ್ರೆ ನೀವು ಹೋಗ್ತೀರಿ.”

“ಅದಕ್ಕೆ ನನ್ನ ಗಿಡದ ಹೊಟ್ಟೆ ಮೇಲೆ ಹೊಡೆದ್ರಾ?”

“ತಪ್ಪಾಯ್ತು ಅಂತ ಗಿಡಕ್ಕೆ ದಿನಾ ಹೇಳ್ತಿದ್ದೆ.”

“ಗಿಡಕ್ಕೆ ಹೇಳಿದ್ರಿ. ನನಗೆ ಏನು ಹೇಳಿದ್ರಿ?”

ಅವರು ಇಳಿದು ಬಂದು ಕತ್ತರಿಯನ್ನೇ ನೋಡುತ್ತಾ ನಿಂತರು. ಇಡೀ ದಿನ ಸಲೂನಿನಲ್ಲಿ ಬಾಯಿ ಮುಚ್ಚದ ಮನುಷ್ಯ ಅವರು. “ನಲವತ್ತು ವರ್ಷ ಜನರ ಬೆನ್ನ ಹಿಂದೆ ನಿಂತೇ ಮಾತಾಡಿದ್ದು. ಎದುರಿಗೆ ನಿಂತು ಹೇಳೋಕೆ ಬರಲ್ಲ ನನಗೆ.”

ನಾನು ಅವರ ಕುರ್ಚಿ ಎಳೆದು, ಅವರಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ ಕೂತೆ. ಈಗ ಹೇಳಿ ಅಂದೆ.

ಕೆಳಗೆ ಒಂದು ಬಸ್ ಬಂತು, ಜನ ಹತ್ತಿದರು, ಹೋಯಿತು. ಆಮೇಲೆ ಕತ್ತರಿ ನೆಲಕ್ಕಿಟ್ಟ ಸದ್ದು. ಸೊಟ್ಟ ಕತ್ತರಿಸಿದ ನನ್ನ ಕೂದಲ ತುದಿಯನ್ನು ಒಂದು ಬೆರಳು ಮುಟ್ಟಿತೋ ಇಲ್ಲವೋ ಅನ್ನುವ ಹಾಗೆ ಮುಟ್ಟಿತು.

“ಬುಟ್ಟಿ ಭಾರ ನೋಡೋಕೆ ಬರ್ತಿರಲಿಲ್ಲ ನಾನು. ನಿಮ್ಮನ್ನ ನೋಡೋಕೆ ಬರ್ತಿದ್ದೆ. ಇನ್ನು ಎಷ್ಟು ದಿನ ಇದೆಯೋ, ಅಷ್ಟನ್ನೂ ನಿಮ್ಮ ಜೊತೆ ಕಳೀಬೇಕು ಅಂತ ಆಸೆ. ಒಪ್ಪಿದ್ರೆ ಮದುವೆ ಆಗೋಣ. ಇಲ್ಲಾಂದ್ರೆ ಈ ಕುರ್ಚಿ ತಗೊಂಡು ನನ್ನ ಬಾಗಿಲಿಗೆ ಹೋಗ್ತೀನಿ.”

ಹೂಂ ಅನ್ನುವುದು ಗಂಟಲವರೆಗೆ ಬಂತು. ಆದರೆ ತಮ್ಮನಿಗೆ ಮಾತು ಕೊಟ್ಟಾಗಿದೆ, ಆ ಮಾತನ್ನು ಅವನ ಬೆನ್ನ ಹಿಂದೆ ಮುರಿಯಲು ನನಗೆ ಮನಸ್ಸಿಲ್ಲ. ಹಾಗಂತ ಅವರಿಗೆ ಹೇಳಿದೆ. ಹಣ್ಣಾಗಲಿ, ತಮ್ಮ ಬರಲಿ, ಅವನೆದುರೇ ನನ್ನ ಉತ್ತರ. ಅಲ್ಲಿಯವರೆಗೆ ಕತ್ತರಿ ಮುಟ್ಟಬಾರದು. ಅವನೆದುರು ನಿಂತಾಗ ನನ್ನ ನಾಲಿಗೆ ಎದ್ದೀತೇ ಎಂಬ ಭಯವನ್ನು ಮಾತ್ರ ಹೇಳಲಿಲ್ಲ. ಅವರಿಗೂ ಅದು ಗೊತ್ತಿತ್ತು ಅಂತ ಕಾಣುತ್ತೆ.

ಆದರೂ ಅವರು ಬಂದರು. ದಿನಾ ಎರಡು ಹೊತ್ತು ಬುಟ್ಟಿ ಎತ್ತಿ ನೋಡಿದರು. ಹೂವು ಕಾಯಿ ಕಚ್ಚಲಿ ಅಂತ ಗೊಂಚಲನ್ನು ಬೆರಳ ತುದಿಯಿಂದ ಅಲುಗಿಸಿದರು. ನನ್ನನ್ನು ಕಳಿಸಿಬಿಡಬಹುದಾದ ಒಂದೊಂದು ಕಾಯಿಯನ್ನೂ ಜೋಪಾನ ಮಾಡಿದರು. ಅಂಥ ಮನುಷ್ಯನನ್ನು ನೋಡುತ್ತಾ ನೋಡುತ್ತಾ ನನ್ನ ನಾಲಿಗೆ ಸ್ವಲ್ಪ ಸ್ವಲ್ಪವೇ ಗಟ್ಟಿಯಾಯಿತು.

ಮೂರು ವಾರ ಹೂವು ಕಳಕೊಂಡ ಗಿಡ ಸುಮ್ಮನಿರಲಿಲ್ಲ, ಕವಲಿನ ಮೇಲೆ ಕವಲು ಒಡೆದಿತ್ತು. ಈಗ ಒಟ್ಟಿಗೇ ಹೂ ಬಿಟ್ಟು ಒಟ್ಟಿಗೇ ಕಾಯಾಯಿತು. ನಾಲ್ಕು ಬುಟ್ಟಿಯಿಂದಲೂ ಕೊಂಬೆಗಳು ವರಾಂಡದ ಕಂಬಿ ದಾಟಿ ಇಳಿದವು. ಗೋಲಿಯಷ್ಟು ಹಣ್ಣು, ಮೇಲೆ ಕೆಂಪು, ನಡುವೆ ಕಿತ್ತಳೆ, ತುದಿಯಲ್ಲಿ ಹಸಿರು. ಬಸ್ಸಿಗೆ ಕಾಯುವವರು ಕತ್ತೆತ್ತಿ ನೋಡತೊಡಗಿದರು. ನರ್ಸರಿಯವಳು ಮೆಟ್ಟಿಲು ಹತ್ತಿ ಬಂದು, ನನ್ನ ಅಂಗಡೀಲೇ ಹೀಗೆ ಬಂದಿಲ್ಲ, ಏನು ಹಾಕಿದ್ರಿ ಅಂತ ಕೇಳಿದಳು. ಸಲೂನಿನವರು ತಲೆ ಬಗ್ಗಿಸಿಕೊಂಡು ಚಪ್ಪಲಿ ಹುಡುಕಿದರು. ಚಪ್ಪಲಿ ಕಾಲಲ್ಲೇ ಇತ್ತು.

ಒಂದು ಭಾನುವಾರ ತಮ್ಮ ಬಂದ. ಹೆಂಡತಿ ಜೊತೆಗಿದ್ದಳು, ಕೆಳಗೆ ಖಾಲಿ ಟೆಂಪೊ ನಿಂತಿತ್ತು. ವರಾಂಡ ನೋಡಿ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಕರೆದು ಒಂದು ತಟ್ಟೆ ಹಣ್ಣು ಕೊಟ್ಟೆ. ಅವನು ಚಿಕ್ಕಂದಿನ ಹಾಗೇ, ಕೂರುವ ಮೊದಲೇ ಅರ್ಧ ಖಾಲಿ ಮಾಡಿದ. ಬಾಯಿ ಒರೆಸಿಕೊಂಡು, ಸಾಮಾನು ಕಟ್ಟೋಣ್ವಾ ಅಕ್ಕ ಅಂದ.

ಸಲೂನಿನವರು ಎರಡು ಬಾಗಿಲಾಚೆ ನಿಂತಿದ್ದರು. ಹತ್ತಿರ ಬರಲಿಲ್ಲ. ನಾನೇ ಹೋಗಿ, ಅವರ ಕೈ ಹಿಡಿದು, ಕರೆದುಕೊಂಡು ಬಂದೆ. ನಾಲ್ಕು ಮನೆಯ ಮುಂದೆ, ಹಗಲು ಹೊತ್ತಿನಲ್ಲಿ.

“ನಾನು ಬರ್ತೀನಿ ಕಣೋ,” ಅಂದೆ. ದನಿ ನಡುಗಲಿಲ್ಲ. “ಮಾತು ಕೊಟ್ಟಿದ್ದೀನಿ, ತಪ್ಪಿಸಲ್ಲ. ಆದ್ರೆ ಸಾಮಾನು ಬರಲ್ಲ. ನಾವು ಮದುವೆ ಮಾಡ್ಕೊಳ್ತೀವಿ. ಆಮೇಲೆ ಇಬ್ರೂ ಬರ್ತೀವಿ. ನಿನ್ನ ಮಕ್ಕಳ ಜೊತೆ ಎಂಟು ದಿನ ಇದ್ದು, ನಮ್ಮ ಮನೆಗೆ ವಾಪಸ್ ಬರ್ತೀವಿ.”

ತಮ್ಮ ನನ್ನನ್ನು ನೋಡಿದ, ಹಿಡಿದ ಕೈಗಳನ್ನು ನೋಡಿದ. ಈ ವಯಸ್ಸಲ್ಲಿ ಮದುವೇನಾ ಅಕ್ಕ ಅಂದ. ಹೌದು, ಈ ವಯಸ್ಸಲ್ಲೇ, ಹಿಂದಿನ ವಯಸ್ಸಿನಲ್ಲೆಲ್ಲ ನೀನಿದ್ದೆ ಅಂದೆ. ಚುಚ್ಚಬೇಕು ಅಂತ ಹೇಳಿದ್ದಲ್ಲ. ಆದರೆ ಅವನ ಕಣ್ಣು ತುಂಬಿತು. ಅವನ ಹೆಂಡತಿ ಮೊಣಕೈಯಿಂದ ಅವನನ್ನು ತಿವಿದು, ಮಕ್ಕಳನ್ನ ನೋಡ್ಕೊಳ್ಳೋಕೆ ಜನ ಸಿಗ್ತಾರೆ, ಅತ್ತಿಗೆಗೆ ಇಂಥ ದಿನ ಮತ್ತೆ ಸಿಗುತ್ತಾ ಅಂದಳು. ಅವಳನ್ನು ಮಗಳ ಹಾಗೆ ನೋಡಿಕೊಂಡದ್ದು ದಂಡವಾಗಲಿಲ್ಲ.

ತಮ್ಮ ಎದ್ದು ವರಾಂಡಕ್ಕೆ ಹೋದ. ನಮಗೆ ಬೆನ್ನು ಹಾಕಿ ಬಹಳ ಹೊತ್ತು ಹಣ್ಣುಗಳನ್ನು ನೋಡುತ್ತಾ ನಿಂತ. ಪಕ್ಕದಲ್ಲಿ ಸಲೂನಿನವರ ಅಂಗೈ ನನ್ನ ಅಂಗೈಯಲ್ಲಿ ಒದ್ದೆಯಾಗುತ್ತಿತ್ತು. ಆಮೇಲೆ ಅವನು, ಟೆಂಪೊ ಖಾಲಿ ವಾಪಸ್ ಹೋಗಬಾರದು, ಈ ತುದಿಯ ಬುಟ್ಟಿ ನಮ್ಮ ಮಕ್ಕಳಿಗೆ ಅಂದ. ಸ್ಟೂಲ್ ಎಳೆದು ಒಂದು ಕಾಲು ಮೇಲಿಟ್ಟ. ಸ್ಟೂಲ್ ಅಲುಗಾಡಿತು.

ತಿರುಗಿ ನೋಡಿದ. “ಭಾವ,” ಅಂದ, “ಸ್ವಲ್ಪ ಗಟ್ಟಿ ಹಿಡ್ಕೊಳ್ಳಿ.”