ಟ್ರೈನಿಂಗಿಗೆ ಹೋದ ಹೆಂಡತಿ

ಟ್ರೈನಿಂಗ್ ಶಾಲೆಯ ಕಿಟಕಿಯಾಚೆ ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದವಳು ತನ್ನ ಹೆಂಡತಿಯೇ ಎಂದು ತಿಳಿಯಲು ಚಲಪತಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಆದಿಲಕ್ಷ್ಮಿ ಒಂದು ಪುಟ್ಟ ಹೂಜಿಯಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿದ್ದಳು. ಒಂದು ಹನಿಯೂ ಚೆಲ್ಲಲಿಲ್ಲ, ಸದ್ದೂ ಇಲ್ಲ. ಮನೆಯಲ್ಲಿ ಪಾತ್ರೆ ಕುಕ್ಕಿದರೆ ಬೀದಿಗೆಲ್ಲ ಕೇಳಿಸುತ್ತಿದ್ದ ಕೈಗಳು ಇವೇನಾ ಎಂದು ನೋಡುತ್ತಾ ನಿಂತ.

ಅವನು ಕೆಮ್ಮಿದ. ಅವಳು ತಲೆ ಎತ್ತಿದಳು. ಕಣ್ಣು ಅರಳಿತು, ಬಾಯಿ ಬಿಡಲಿಲ್ಲ. ಒಂದು ಬೆರಳೆತ್ತಿ, ಇರಿ ಎಂದು ಸನ್ನೆ ಮಾಡಿ ಮತ್ತೆ ಹೂಜಿಯ ಕಡೆ ತಿರುಗಿದಳು.

ಶಿಡ್ಲಘಟ್ಟದಿಂದ ಬೆಂಗಳೂರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದಿದ್ದವನಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಇನ್ನೇನೋ ಬಂತು. ಮದುವೆಯಾಗಿ ಐದು ವರ್ಷವಾದ ಮೇಲೆ ಮೊದಲ ಸಲ, ಅವಳ ಕತ್ತಿನ ಹಿಂದೆ ಜಾರಿದ್ದ ಕೂದಲೆಳೆಯಿಂದ ಅವನಿಗೆ ಕಣ್ಣು ಕೀಳಲಾಗಲಿಲ್ಲ.

ಅವಳನ್ನು ಕಳಿಸಿದ್ದು ಅವನೇ. ಅದು ಎಂಬತ್ತೇಳನೇ ಇಸವಿ. ಅವರ ಮಗಳು ಪುಟ್ಟಿ ಊರಿನ ನರ್ಸರಿಯೊಂದರಲ್ಲಿ ‘ಅ’ ತಪ್ಪು ಬರೆದಳೆಂದು ಅಂಗೈ ಕೆಂಪಾಗುವಂತೆ ಏಟು ತಿಂದು ಬಂದಿದ್ದಳು. ಅಂಥದೇ ಏಟು ತಿಂದ ಮಕ್ಕಳ ತಂದೆತಾಯಿಯರು ಔಷಧಿ ಅಂಗಡಿ ಚೆನ್ನರಾಯಪ್ಪನವರ ಜಗಲಿಯಲ್ಲಿ ಸೇರಿದರು. ನಾವೇ ಒಂದು ಮಾಂಟೆಸ್ಸರಿ ಸ್ಕೂಲ್ ಮಾಡಣ ಎಂದರು ಚೆನ್ನರಾಯಪ್ಪ. ಮೈಸೂರಿನಲ್ಲಿ ಅವರು ಒಂದನ್ನು ನೋಡಿದ್ದರಂತೆ. ಅಲ್ಲಿ ನೀರು ಸುರಿಯುವುದೋ ಬಟ್ಟೆ ಮಡಿಸುವುದೋ, ಮಕ್ಕಳೇ ತಮ್ಮ ಕೆಲಸ ಆರಿಸಿಕೊಳ್ಳುತ್ತಾರಂತೆ, ಹೊಡೆಯುವವರೇ ಇಲ್ಲವಂತೆ. ಆದರೆ ಯಾರಾದರೂ ಒಂದು ವರ್ಷ ಬೆಂಗಳೂರಿನಲ್ಲಿದ್ದು ಟ್ರೈನಿಂಗ್ ಮಾಡಬೇಕು. ಸೇರಿದ್ದ ಹೆಂಗಸರಲ್ಲಿ ಪಿಯುಸಿ ಪಾಸಾಗಿದ್ದವಳು ಆದಿಲಕ್ಷ್ಮಿಯೊಬ್ಬಳೇ. ಎಲ್ಲರೂ ಚಲಪತಿಯ ಮುಖ ನೋಡಿದರು. ಹೋಗಿಬರಲಿ ಬಿಡಿ ಎಂದುಬಿಟ್ಟ. ಲೋಟದಲ್ಲಿದ್ದ ಕಾಫಿ ಆರುವ ಮೊದಲೇ ಯಾಕಾದರೂ ಹೇಳಿದೆನೋ ಅನ್ನಿಸಿತು.

ಮಗುವನ್ನು ಅವನ ತಾಯಿ ಚಿಕ್ಕವೆಂಕಟಮ್ಮ ನೋಡಿಕೊಂಡರು. ಅವನನ್ನು ಸಮಾಧಾನ ಮಾಡುವವರು ಯಾರೂ ಇರಲಿಲ್ಲ. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಗುಮಾಸ್ತನಾಗಿದ್ದವನು ಹರಾಜಿನ ಗಲಾಟೆಯ ನಡುವೆ ಕೂತು ಭಾನುವಾರದ ದಾರಿ ನೋಡುತ್ತಿದ್ದ. ಒಂದು ವಾರ ಪುಟ್ಟಿಯನ್ನು ಕರೆದೊಯ್ಯುತ್ತಿದ್ದ. ಇನ್ನೊಂದು ವಾರ ಬೇಕೆಂದೇ ಬಿಟ್ಟು ಹೋಗುತ್ತಿದ್ದ.

ಅಂಥ ಒಂದು ಭಾನುವಾರ ಲಾಲ್‌ಬಾಗಿನ ಬೆಂಚಿನ ಮೇಲೆ ಆದಿಲಕ್ಷ್ಮಿ ಕರವಸ್ತ್ರದಿಂದ ಅವನ ಕಣ್ಣು ಕಟ್ಟಿದಳು. ಮಕ್ಕಳು ಮುಟ್ಟಿಯೇ ಬಟ್ಟೆ ಗುರುತಿಸುವ ಪಾಠವಂತೆ, ಅವಳಿಗೆ ಅಭ್ಯಾಸವಾಗಬೇಕಂತೆ.

“ಇದೇನು, ಹೇಳಿ ನೋಡಣ.”

“ಉಣ್ಣೆ.”

“ಇದು?”

“ರೇಷ್ಮೆ. ಶಿಡ್ಲಘಟ್ಟದವನಿಗೆ ಇದನ್ನ ಕೇಳ್ತೀಯಾ?”

ಮೂರನೆಯದು ಬಟ್ಟೆಯಾಗಿರಲಿಲ್ಲ. ಬೆಚ್ಚಗಿತ್ತು, ಸಣ್ಣಗೆ ಬೆವೆತಿತ್ತು. ಗೊತ್ತಾಗಿಯೂ ಅವನು ಗೊತ್ತಾಗಲಿಲ್ಲವೆಂದ.

“ಹಂಗಾದ್ರೆ ಇನ್ನೊಂದ್ಸಲ ಮುಟ್ಟಿ ನೋಡಿ” ಎಂದಳು, ಧ್ವನಿಯಲ್ಲಿ ನಗು ತುಂಬಿಕೊಂಡು.

ಬೇಸಿಗೆಯ ಆರಂಭದಲ್ಲಿ, ಮಕ್ಕಳ ಆಟದ ಸಾಮಾನು ತರಲು ಬೆಂಗಳೂರಿಗೆ ಹೋಗಿದ್ದ ಚೆನ್ನರಾಯಪ್ಪ ಒಂದು ಸುದ್ದಿ ಹೊತ್ತು ಬಂದರು. ಆದಿಲಕ್ಷ್ಮಿಗೆ ಟ್ರೈನಿಂಗ್ ಶಾಲೆಯವರು ಅಲ್ಲಿಯೇ ಕೆಲಸ ಕೊಡುತ್ತಾರಂತೆ, ಸಂಸಾರ ಇರಲು ಮನೆಯನ್ನೂ ಕೊಡುತ್ತಾರಂತೆ. ನಿಂಗೆ ಹೇಳಿರಬೇಕಲ್ಲಪ್ಪ ಎಂದರು. ಅವಳು ಹೇಳಿರಲಿಲ್ಲ. ಆ ವಾರ ಚಲಪತಿಗೆ ಕೂತಲ್ಲಿ ಕೂರಲಾಗಲಿಲ್ಲ. ಹರಾಜಿನಲ್ಲಿ ಒಬ್ಬರ ಗೂಡನ್ನು ಇನ್ನೊಬ್ಬರ ಹೆಸರಿಗೆ ಬರೆದು ಬೈಸಿಕೊಂಡ. ಉಂಡದ್ದು ಮರೆತು ಮತ್ತೆ ತಟ್ಟೆ ಹಾಕಿಕೊಂಡ.

ಭಾನುವಾರ ಇಡೀ ಅವಳು ಆ ಮಾತೆತ್ತಲಿಲ್ಲ. ಇವನೂ ಕೇಳಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟ ಎಂದು ಕಂಡಕ್ಟರ್ ಕೂಗುತ್ತಿದ್ದಾಗ, ತಾನು ಬಹಳ ದೊಡ್ಡ ಮನಸ್ಸು ಮಾಡಿದೆನೆಂದುಕೊಂಡು ಹೇಳಿದ:

“ಕೆಲಸದ ವಿಷಯ ಗೊತ್ತಾಯ್ತು. ಇರ್ಬೇಕು ಅನ್ನಿಸಿದ್ರೆ ಇರು. ನಾನು ಅಡ್ಡ ಬರಲ್ಲ.”

ಅವಳ ಮುಖ ಬಾಡಿತು.

“ಇರು ಅನ್ನೋಕೆ ಬಾಯಿದೆ. ಬಾ ಅನ್ನೋಕೆ ಇಲ್ವಾ ನಿಮ್ಗೆ?”

ಅವನು ಬಸ್ಸಿನ ಕಡೆ ತಿರುಗಿದ. ಅವಳೇ ಮುಂದುವರಿಸಿದಳು.

“ದೊಡ್ಡೋರು ಹೇಳಿದ್ರು, ಮದ್ವೆ ಆದ್ರಿ. ಚೆನ್ನರಾಯಪ್ಪನೋರು ಹೇಳಿದ್ರು, ಕಳಿಸಿದ್ರಿ. ಈಗ ಇಲ್ಲಿನೋರು ಹೇಳಿದ್ರೆ ಬಿಟ್ಟೋಗ್ತೀರಾ? ನಂಗೆ ಇಲ್ಲೇ ಇದ್ಬಿಡಣ ಅನ್ನಿಸಿದ್ದು ನಿಜ. ಇಲ್ಲಿ ಎಲ್ರೂ ನನ್ನ ಹೆಸರಿಡಿದು ಕರೀತಾರೆ. ನಮ್ಮನೇಲಿ ನಾನು ಪುಟ್ಟಿ ಅಮ್ಮ, ಅಷ್ಟೇ.”

ಬಸ್ಸು ಹೊರಟಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಇವನನ್ನೇ ನೋಡಿದ. ಚಲಪತಿ ಹತ್ತಲಿಲ್ಲ.

“ಆದಿಲಕ್ಷ್ಮಿ” ಎಂದ. ಆ ಹೆಸರು ಅವನ ಬಾಯಿಗೇ ಹೊಸದಾಗಿತ್ತು. “ನಮ್ಮೂರ ಸ್ಕೂಲಿಗೆ ಬೇಕಾದ್ರೆ ಬೇರೆ ಟೀಚರ್ ಹುಡುಕ್ತಾರೆ. ನಂಗೆ ನೀನು ಬೇಕು. ಬಾ.”

ಅವಳು ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು, ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ಗೊತ್ತಿಲ್ಲ ಎಂದ. ಗೊತ್ತಿಲ್ಲದಿದ್ರೇ ಒಳ್ಳೇದು ಎಂದು ಅವನ ಪಕ್ಕದಲ್ಲಿ ಕಲ್ಲುಬೆಂಚಿನ ಮೇಲೆ ಕೂತಳು.

ಜೂನ್ ತಿಂಗಳಲ್ಲಿ ಶಿಡ್ಲಘಟ್ಟದ ಕೋಟೆ ಬೀದಿಯ ಬಾಡಿಗೆ ಮನೆಯಲ್ಲಿ ಶಾಲೆ ಶುರುವಾಯಿತು. ಅಪ್ಪಂದಿರು ಸುಣ್ಣ ಬಳಿದಿದ್ದರು, ಅಮ್ಮಂದಿರು ಚಾಪೆಗಳಿಗೆ ಅಂಚು ಹೊಲಿದಿದ್ದರು. ಬಂದ ಮಕ್ಕಳಲ್ಲಿ ಅರ್ಧ ಜನ ಅಳುತ್ತಿದ್ದರು. ಪುಟ್ಟಿ ಮಾತ್ರ ಚಪ್ಪಲಿ ಬಿಟ್ಟು ನೇರ ಒಳಗೆ ಓಡಿದಳು. ಉಳಿದ ತಂದೆತಾಯಿಯರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೂ ಚಲಪತಿ ಗೇಟಿನ ಹತ್ತಿರವೇ ನಿಂತಿದ್ದ.

ಆದಿಲಕ್ಷ್ಮಿ ಹೊರಗೆ ಬಂದಳು.

“ಅಪ್ಪಂದಿರು ಇಲ್ಲಿ ನಿಲ್ಲಂಗಿಲ್ಲ. ಮಾರ್ಕೆಟ್ಟಿಗೆ ಹೊತ್ತಾಗಲ್ವಾ?”

“ಆಗ್ತದೆ” ಎಂದ, ಕದಲದೆ.

ಅವಳು ಗೇಟಿನ ಚಿಲಕ ಹಾಕಿದಳು. ಕಂಬಿಯ ಮೇಲಿದ್ದ ಅವನ ಬೆರಳುಗಳಿಗೆ ಅವಳ ಬೆರಳು ತಾಗಿದವು. ಒಳಗೆ ಯಾವುದೋ ಮಗು ಟೀಚರ್ ಎಂದು ಕರೆಯಿತು. ಬಂದೆ ಎಂದಳು, ಕೈ ಮಾತ್ರ ತೆಗೆಯಲಿಲ್ಲ.