ಧೂಮಾಕ್ಷನ ಮೊನೆಟೋಪಿಗಳು

ಹದ್ದುಗಳು ಮಾತಾಡುತ್ತಿದ್ದ, ಆಡಿದ ಮಾತು ಕಲ್ಲಿಗಿಂತ ಗಟ್ಟಿಯಾಗಿದ್ದ ಬಲು ಹಿಂದಿನ ಕಾಲದಲ್ಲಿ ಕಂಚುದುರ್ಗವೆಂಬ ರಾಜ್ಯವಿತ್ತು. ಏಳು ಕಡಲಾಚೆಯ ಜರ್ಮನ್ ಸೀಮೆಯ ದೊರೆ ಸ್ನೇಹಕ್ಕೆಂದು ಕಳಿಸಿದ ಮೊನೆಟೋಪಿಗಳನ್ನೇ ಅಲ್ಲಿನ ಸೈನಿಕರು ತೊಡುತ್ತಿದ್ದರು. ಬೇಯಿಸಿ ಗಟ್ಟಿಮಾಡಿದ ತೊಗಲಿನ ಟೋಪಿ, ಹಣೆಯ ಮೇಲೆ ರೆಕ್ಕೆ ಬಿಚ್ಚಿದ ಹಿತ್ತಾಳೆಯ ಹದ್ದು, ನೆತ್ತಿಯ ಮೇಲೊಂದು ಚೂಪು ಮೊನೆ.

ಒಮ್ಮೆ ಅರಸ ಯುದ್ಧದಲ್ಲಿ ಸೋಲುವ ಹೊತ್ತಿಗೆ ಧೂಮಾಕ್ಷನೆಂಬ ಮಾಂತ್ರಿಕ ಬಂದ. "ಗೆಲುವು ನಿನಗೆ, ನಿನ್ನ ಸೈನಿಕರ ಟೋಪಿಗಳು ನನಗೆ," ಎಂದ.

ಅರಸ ನಕ್ಕ. "ಟೋಪಿ ತಾನೆ? ತೆಗೆದುಕೋ."

ಯುದ್ಧ ಗೆದ್ದ ಸಂಜೆ ಧೂಮಾಕ್ಷ ಚಪ್ಪಾಳೆ ತಟ್ಟಿದ. ಸೈನಿಕರೆಲ್ಲ ಹೊಗೆಯಾಗಿ ತಮ್ಮ ತಮ್ಮ ಟೋಪಿಯೊಳಗೆ ಇಳಿದುಹೋದರು. ಮಾಂತ್ರಿಕ ಟೋಪಿಗಳನ್ನು ಬಾಚಿಕೊಂಡು ಕರಿಬೆಟ್ಟದ ಗುಹೆ ಸೇರಿದ. ಅರಸ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ, ಬಿಟ್ಟ ಊಟವನ್ನೂ ಸೇರಿಸಿ ಉಂಡ.

ಆಯುಧಶಾಲೆಯಲ್ಲಿ ಆ ಟೋಪಿಗಳಿಗೆ ಎಣ್ಣೆ ಸವರಿ ಹೊಳಪು ಕೊಡುತ್ತಿದ್ದವಳು ಪದುಮಲೆ. ಅವಳ ಅಣ್ಣ ಮಾಚಯ್ಯನೂ ಹೊಗೆಯಾದವರಲ್ಲಿ ಒಬ್ಬ. ತಾಯಿ ಚಾಗವ್ವ ಎದೆ ಎದೆ ಬಡಿದುಕೊಂಡಳು. "ನನ್ನ ಮಗನನ್ನು ತಂದುಕೊಡೇ ತಾಯಿ," ಎಂದು ಮಗಳ ಕಾಲನ್ನೇ ಹಿಡಿದಳು. ಪದುಮಲೆ ಬುತ್ತಿ ಕಟ್ಟಿಕೊಂಡು ಹೊರಟಳು.

ಗುಹೆಯ ಬಾಗಿಲಲ್ಲಿ ಆನೆಗಾತ್ರದ ಹಿತ್ತಾಳೆ ಹದ್ದು ಕೂತಿತ್ತು. ಒಳಗೆ ಗೋಡೆ ತುಂಬ ಮೊನೆಟೋಪಿಗಳು. ಕಿವಿಗೊಟ್ಟರೆ ಒಂದೊಂದರೊಳಗೂ ಉಸಿರು ಕೇಳುತ್ತಿತ್ತು. ಇಷ್ಟು ಕೂಡಿಟ್ಟರೂ ತೋರಿಸಿ ಮೆರೆಯಲು ಯಾರೂ ಇಲ್ಲದೆ ಧೂಮಾಕ್ಷನಿಗೆ ಬೇಸರವಾಗಿತ್ತು. ಪದುಮಲೆಯನ್ನು ಅವನೇ ಒಳಗೆ ಕರೆದ.

"ಮೂರು ಟೋಪಿ ತೋರಿಸುತ್ತೇನೆ ಹುಡುಗಿ. ಯಾರದೆಂದು ಮೂರು ಸಲವೂ ನಿಜ ಹೇಳಿದರೆ ನನ್ನ ಮಾಟವೆಲ್ಲ ಮುರಿಯುತ್ತದೆ. ತಪ್ಪಿದರೆ ನನ್ನ ಹದ್ದಿಗೆ ಹಸಿವಾಗಿದೆ."

ಮೊದಲನೆಯದಕ್ಕೆ ಮೊನೆಯೇ ಇರಲಿಲ್ಲ, ನೆತ್ತಿಯ ಮೇಲೊಂದು ಗುಂಡು ಇತ್ತು.

"ಇದು ಫಿರಂಗಿಯವನದು," ಎಂದಳು ಪದುಮಲೆ. "ಫಿರಂಗಿಯ ಸುತ್ತ ಒತ್ತೊತ್ತಾಗಿ ಬಗ್ಗಿ ದುಡಿಯುವವರು. ಮೊನೆಯಿದ್ದರೆ ಪಕ್ಕದವನ ಕಣ್ಣು ಹೋದೀತು."

ಹದ್ದು ಒಂದು ರೆಕ್ಕೆ ಮಡಿಸಿತು.

ಎರಡನೆಯದು ಚಿನ್ನದ ನೀರು ಕುಡಿದು ಥಳಥಳಿಸುತ್ತಿತ್ತು. "ಸೇನಾಪತಿಯದು ಅಲ್ಲವೆ?" ಎಂದು ಧೂಮಾಕ್ಷ ಮೀಸೆ ತಿರುವಿದ. ಪದುಮಲೆ ಹೊರಗಿನ ಹೊಳಪು ನೋಡಲಿಲ್ಲ, ಒಳಗೆ ಬೆರಳಾಡಿಸಿದಳು. ರೇಷ್ಮೆಯ ಒಳಪದರ ಇರಲಿಲ್ಲ. ಒರಟು ತೊಗಲು, ಬೆವರಿನ ಕರೆ.

"ಬಡ ಕಾಲಾಳಿನದು. ಚಿನ್ನ ನೀನು ಬಳಿದದ್ದು."

ಹದ್ದು ಇನ್ನೊಂದು ರೆಕ್ಕೆಯನ್ನೂ ಮಡಿಸಿತು.

ಮೂರನೆಯದನ್ನು ಪದುಮಲೆ ಕೈಗೆ ತೆಗೆದುಕೊಂಡಳು. ಗಲ್ಲದ ಪಟ್ಟಿಯ ತುಂಬ ಹಲ್ಲಿನ ಗುರುತು. ಭಯವಾದಾಗ ಪಟ್ಟಿ ಕಚ್ಚುವುದು ಮಾಚಯ್ಯನ ಚಾಳಿ. "ಅಣ್ಣಾ," ಎಂದಳು. ಟೋಪಿಯೊಳಗಿಂದ ಬಿಸಿಯುಸಿರು ಅವಳ ಅಂಗೈಗೆ ತಾಗಿತು.

ಆದರೆ ಬೆರಳು ಸುಮ್ಮನಿರಲಿಲ್ಲ. ಟೋಪಿಯ ಹಣೆಗೆ ಹದ್ದನ್ನು ಕೂರಿಸಿದ ತೂತುಗಳ ಪಕ್ಕದಲ್ಲೇ ಮುಚ್ಚಿದ ಹಳೆಯ ತೂತುಗಳು ಸಿಕ್ಕವು. ಈ ಹದ್ದು ಈ ಟೋಪಿಯದಲ್ಲ.

"ಕಂಡುಹಿಡಿದೆಯಾ!" ಧೂಮಾಕ್ಷ ನಕ್ಕ. "ಎರಡು ಟೋಪಿ ಒಡೆದುಹೋಗಿದ್ದವು. ಉಳಿದ ಚೂರುಗಳನ್ನು ಸೇರಿಸಿ ಒಂದು ಮಾಡಿದೆ. ಒಳಗೆ ಇಬ್ಬರ ಅರ್ಧರ್ಧ ಪ್ರಾಣ. ಮಾಟ ಮುರಿದರೆ ಈ ಬೆಸುಗೆಯೂ ಬಿಡುತ್ತದೆ, ಆಗ ಇಬ್ಬರೂ ಇಲ್ಲ." ಆಮೇಲೆ ದನಿ ತಗ್ಗಿಸಿದ. "ಒಂದು ಸುಳ್ಳು ಹೇಳು, ಸಾಕು. 'ಇದು ಮಾಚಯ್ಯನದು' ಅನ್ನು. ನಿನ್ನನ್ನು ಹದ್ದಿಗೆ ಕೊಡುವುದಿಲ್ಲ. ಅಣ್ಣನನ್ನು ಇಡಿಯಾಗಿ ಎಬ್ಬಿಸಿ ಕೊಡುತ್ತೇನೆ. ಉಳಿದವರು ನನ್ನ ಗೋಡೆಯ ಮೇಲಿರಲಿ."

ಗೋಡೆಯ ಮೇಲಿನ ಉಸಿರುಗಳೆಲ್ಲ ಒಮ್ಮೆಲೇ ನಿಂತವು. ಪದುಮಲೆ ಟೋಪಿಯನ್ನು ಎದೆಗವಚಿಕೊಂಡು ಕೂತಳು.

"ಏನು ಮಾಡಲಿ, ಅಣ್ಣಾ?"

ಒಳಗಿನ ಉಸಿರು ಒಮ್ಮೆ ಬಂತು, ಒಮ್ಮೆ ಹೋಯಿತು. ಅದು ಮಾತಲ್ಲ.

"ಟೋಪಿ ನನ್ನ ಅಣ್ಣನದು," ಎಂದಳು ಕೊನೆಗೆ. "ಹದ್ದು ಇನ್ನೊಬ್ಬನದು. ಅವನ ಹೆಸರು ನನಗೆ ಗೊತ್ತಿಲ್ಲ."

ಬಾಗಿಲಿನ ಹಿತ್ತಾಳೆ ಹದ್ದು ಕರಗಿ ನೀರಾಯಿತು. ಧೂಮಾಕ್ಷ ಬೂದಿಯಾದ. ಗೋಡೆಯಿಂದ ಟೋಪಿಗಳು ಉದುರಿದವು, ಉದುರಿದಲ್ಲೆಲ್ಲ ಒಬ್ಬೊಬ್ಬ ಸೈನಿಕ ಕಣ್ಣುಜ್ಜುತ್ತ ಎದ್ದ. ಪದುಮಲೆಯ ಮಡಿಲಲ್ಲಿದ್ದ ಟೋಪಿಯಿಂದ ಹದ್ದು ಕಳಚಿ ಬಿತ್ತು. ಅಲ್ಲಿ ಯಾರೂ ಏಳಲಿಲ್ಲ.

ಕಂಚುದುರ್ಗದಲ್ಲಿ ತಳಿರುತೋರಣ ಕಟ್ಟಿದರು. ಆನೆಯ ಮೇಲೆ ಕೂತ ಅರಸನಿಗೆ ಜನ ಜಯಕಾರ ಹಾಕಿದರು. ಪದುಮಲೆ ಹಿತ್ತಲ ಬಾಗಿಲಿಂದ ಮನೆಯೊಳಗೆ ಹೋಗಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ತಾಯಿಗೆ ಹೇಳಿದಳು.

ಚಾಗವ್ವ ಮಗಳ ಮುಖವನ್ನು ಗುರುತಿಲ್ಲದವರನ್ನು ನೋಡುವಂತೆ ನೋಡಿದಳು. "ಅಷ್ಟು ಜನರ ತಾಯಂದಿರು ನಿನ್ನನ್ನು ಹರಸಲಿ. ನನ್ನ ಕೈಲಾಗದು," ಎಂದಳು.

ಆ ರಾಜ್ಯದಲ್ಲಿ ಮಳೆ ಬೆಳೆ ಚೆನ್ನಾಗಿ ಆಯಿತು. ಹೋದವರು ಬಂದ ಮನೆಗಳಲ್ಲಿ ತೊಟ್ಟಿಲು ತೂಗಿದವು, ಎಲ್ಲರೂ ಸುಖವಾಗಿ ಬಾಳಿದರು. ಚಾಗವ್ವನ ಮನೆಯಲ್ಲಿ ಮಾತ್ರ ಒಂದೇ ಸೂರಿನಡಿ ಎರಡು ಒಲೆ ಉರಿದವು.