ಮಾಳಿಗೆಯ ಮೇಲಿದ್ದವಳು

"ನಿಮ್ಮಣ್ಣ ಇದಾರಾ? ನನ್ನ ಪಾರಿವಾಳ ನಿಮ್ಮ ಮಾಳಿಗೆ ಮೇಲೆ ಇಳಿದಿದೆ!"

ಬಾಗಿಲಲ್ಲಿ ನಿಂತವನು ಏದುಸಿರು ಬಿಡುತ್ತಿದ್ದ. ಆಕಾಶ ನೋಡಿಕೊಂಡೇ ಓಡಿ ಬಂದಿದ್ದರಿಂದ ಒಂದು ಬೂಟು ಬೀದಿಕಾಲುವೆಯ ನೀರಿಗೆ ಬಿದ್ದು ತೊಪ್ಪೆಯಾಗಿತ್ತು.

ಮುಹಯ್ಯೋ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು. ಅಂಗೈಯಲ್ಲಿ ಇನ್ನೂ ಬರಗು ಕಾಳಿನ ಧೂಳಿತ್ತು. ತಾತನ ಟೋಪಿಯನ್ನೂ ಅಣ್ಣನ ಕೋಟನ್ನೂ ಏಣಿಯ ಬುಡದಲ್ಲಿ ಎಸೆದು ಆಗಷ್ಟೇ ಓಡಿ ಬಂದಿದ್ದಳು.

"ಅಣ್ಣ... ಬಜಾರಿಗೆ ಹೋಗಿದಾನೆ."

"ಈಗ್ತಾನೆ ಮೇಲೆ ನೋಡಿದ್ನಲ್ಲ! ಸಿಳ್ಳೆ ಹೊಡೀತಿದ್ರು."

"ಈಗ್ತಾನೆ ಹೋದ."

"ಯಾವ ಕಡೆಯಿಂದ? ನಾನು ಈ ಬಾಗಿಲಿಗೇ ಓಡಿ ಬಂದೆ."

ಮುಹಯ್ಯೋಳ ಕಿವಿಗಳು ಬಿಸಿಯಾದವು. ಒಳಗೆ ಓಡಿ, ಕೆಂಪು ಹೆಣ್ಣು ಪಾರಿವಾಳವನ್ನು ಬುಟ್ಟಿಯೊಂದರಲ್ಲಿ ತಂದು ಅವನ ಕೈಗಿಟ್ಟಳು. ಅವನು ನಂಬಲಾರದೆ ನೋಡಿದ. ಕೋಕಂದ್ ಊರಿನಲ್ಲಿ ಒಬ್ಬನ ಹಕ್ಕಿ ಇನ್ನೊಬ್ಬನ ಹಿಂಡಿನಲ್ಲಿ ಇಳಿದರೆ ಅದು ಹಿಡಿದವನದ್ದು. ಕಳೆದುಕೊಂಡವನು ಬಂದು ಗೋಗರೆಯಬೇಕು. ಕೊಟ್ಟರೆ ಗೆಳೆತನ, ಕೊಡದಿದ್ದರೆ ಹಗೆ.

"ಕೇಳೋ ಮೊದಲೇ ಕೊಟ್ಬಿಟ್ರಿ?"

"ಅಣ್ಣ ಹಾಗೇ ಹೇಳಿದಾನೆ."

"ದೊಡ್ಡ ಮನುಷ್ಯ!" ಅವನ ಮುಖ ಅರಳಿತು. "ನಾನು ಜಫರ್. ಚಹಾ ಅಂಗಡಿ ಹಿಂದೆ ಫ್ರಿಜ್ ರಿಪೇರಿ ಮಾಡ್ತೀನಿ. ಬಂದಿದ್ದೆ ಅಂತ ಹೇಳಿ." ಹೊರಟವನು ತಿರುಗಿದ. "ಅಂದ ಹಾಗೆ... ನಿಮ್ಮ ಕೂದಲಲ್ಲಿ ಗರಿ ಸಿಕ್ಕೊಂಡಿದೆ."

"ಗಾಳಿಗೆ ಬಂದಿರ್ಬೇಕು!"

ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು. *ಯಾಕೆ ಹೇಳಲಿಲ್ಲ? 'ಸಿಳ್ಳೆ ಹೊಡೆದದ್ದು ನಾನೇ' ಅಂತ ಹೇಳೋಕೆ ಏನಾಗಿತ್ತು ನಿನಗೆ?*

ಏನಾಗಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಪಾರಿವಾಳದ ಹುಚ್ಚು ಗಂಡಸರದ್ದು, ಅದೂ ಕೆಲಸಕ್ಕೆ ಬಾರದ ಗಂಡಸರದ್ದು ಎಂದು ಊರು ತೀರ್ಮಾನಿಸಿ ಯಾವ ಕಾಲವೋ ಆಗಿತ್ತು. ತಾತ ತೀರಿಕೊಂಡಾಗ ಅವನು ಸಾಕಿದ್ದ ಹಿಂಡನ್ನು ಮಾರಿಬಿಡೋಣವೆಂದಳು ಅಮ್ಮ ಹನೀಫಾ. ಹನ್ನೆರಡು ವರ್ಷದ ಮುಹಯ್ಯೋ ಗೂಡಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತುಬಿಟ್ಟಳು. ಕೊನೆಗೆ ಅಮ್ಮನೇ ಸೋತು ಒಂದು ಷರತ್ತು ಹಾಕಿದಳು: ಯಾರಿಗೂ ಕಾಣಿಸಬಾರದು. ಅಂದಿನಿಂದ ಟೋಪಿ, ಕೋಟು. ದೂರದಿಂದ ನೋಡಿದವರೆಲ್ಲ ಅಣ್ಣ ಎಲ್ಮುರೋದ್ ಎಂದುಕೊಂಡರು. ಬಾಡಿಗೆ ವ್ಯಾನ್ ಓಡಿಸುವ ಆ ಪುಣ್ಯಾತ್ಮನಿಗೆ ಹಕ್ಕಿ ರೆಕ್ಕೆ ಬಡಿದರೆ ಎದೆ ಹಾರುತ್ತಿತ್ತು. ಚಹಾ ಅಂಗಡಿಯಲ್ಲಿ ಬಂದ ಹೊಗಳಿಕೆಗೆ ಮಾತ್ರ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಮುಹಯ್ಯೋ ಮೆಲುದನಿಯ ಹುಡುಗಿ. ಎಲ್ಲರಿಗೂ 'ಹೂಂ' ಅನ್ನುವವಳು. ಮಾಳಿಗೆ ಹತ್ತಿದರೆ ಎರಡು ಬೆರಳು ಬಾಯಿಗಿಟ್ಟು ಬೀದಿಯೇ ಬೆಚ್ಚುವಂತೆ ಸಿಳ್ಳೆ ಹೊಡೆಯುವವಳು! ಹಕ್ಕಿ ಚುಕ್ಕೆಯಾಗುವಷ್ಟು ಮೇಲೇರಿ, ರೆಕ್ಕೆಗಳನ್ನು ಪಟಪಟನೆ ಬಡಿದು, ಹಿಂದಕ್ಕೆ ಲಾಗ ಹಾಕುತ್ತ ಬೀಳತೊಡಗುತ್ತಿತ್ತು. ಬಿದ್ದೇ ಹೋಯಿತು ಅನ್ನುವಾಗ ತನ್ನನ್ನು ತಾನೇ ಹಿಡಿದುಕೊಂಡು ನಿಲ್ಲುತ್ತಿತ್ತು. ಆ ಒಂದು ಗಳಿಗೆಯಲ್ಲಿ ಮುಹಯ್ಯೋಳಿಗೆ ತಾನು ಯಾರ ಮಗಳು, ಯಾರ ತಂಗಿ ಎಂಬುದೂ ಮರೆತುಹೋಗುತ್ತಿತ್ತು. ತಾನು ಇದ್ದೇನೆ ಎಂಬುದಷ್ಟೇ ನೆನಪಿರುತ್ತಿತ್ತು.

ಜಫರ್ ಮತ್ತೆ ಮತ್ತೆ ಬಂದ. ಎಲ್ಮುರೋದ್ ಎಂದೂ ಸಿಗುತ್ತಿರಲಿಲ್ಲ.

"ನಿಮ್ಮಣ್ಣನ್ನ ಒಂದು ಕೇಳ್ತೀರಾ? ಮರಿ ಲಾಗ ಹಾಕೋಕೆ ಶುರು ಮಾಡಿ ಮಾಳಿಗೆಗೇ ಬಡಕೊಳ್ತಿದೆ."

"ಹೊಟ್ಟೆ ತುಂಬ ತಿಂದ ಮೇಲೆ ಹಾರಿಸಬೇಡಿ. ಹಸಿದಿರಲಿ, ಹಗುರಾಗಿ ಮೇಲೇರುತ್ತೆ... ಅಂತಾನೆ ಅಣ್ಣ."

"ಕೇಳದೇನೇ ಹೇಳ್ತೀರಲ್ಲ?"

"ಊಟಕ್ಕೆ ಕೂತಾಗೆಲ್ಲ ಅವನದ್ದು ಇದೇ ಪುರಾಣ. ಕೇಳಿ ಕೇಳಿ ಬಾಯಿಪಾಠ ಆಗಿದೆ."

ಅವನು ನಕ್ಕ. ಅವಳೂ ನಕ್ಕಳು. ಆಮೇಲಿನ ಪ್ರಶ್ನೆಗಳಿಗೆ ಪಾರಿವಾಳ ಬರೀ ನೆಪವಾಯಿತು. ಏಪ್ರಿಕಾಟ್ ಹೂ ಉದುರಿ ಕಾಯಿ ಕಟ್ಟುವ ಹೊತ್ತಿಗೆ ಜಫರ್‌ನ ತಾಯಿ ರಾಬಿಯಾ ಖಾಲಾ ಹೆಣ್ಣು ಕೇಳಲು ಬಂದೇಬಿಟ್ಟರು.

ದ್ರಾಕ್ಷಿ ಚಪ್ಪರದ ಕೆಳಗೆ ಚಹಾ ಬಟ್ಟಲು ಹಿಡಿದು ಖಾಲಾ ನೇರವಾಗಿಯೇ ಹೇಳಿದರು. "ನನ್ನ ಮಗನಲ್ಲಿ ಇರೋದು ಒಂದೇ ಕೆಟ್ಟ ಚಟ ಕಣಮ್ಮ, ಪಾರಿವಾಳ. ಅವನನ್ನ ಮಾಳಿಗೆಯಿಂದ ಇಳಿಸೋ ಹುಡುಗಿ ಬೇಕು ನಂಗೆ. ನಿಮ್ಮನೇಲೂ ಒಬ್ಬ ಇದಾನಂತಲ್ಲ. ನಿನಗೆ ಹೇಗನ್ಸುತ್ತೆ?"

ಅಮ್ಮ ಮೇಜಿನ ಕೆಳಗೆ ಅವಳ ಕಾಲು ಒತ್ತಿದಳು.

"ನಾನು ಮಾಳಿಗೆ ಹತ್ತೋದೇ ಇಲ್ಲ ಖಾಲಾ," ಎಂದಳು ಮುಹಯ್ಯೋ. "ಆ ವಾಸನೆ ಕಂಡ್ರೇ ನಂಗಾಗಲ್ಲ."

ನೆತ್ತಿಯ ಮೇಲೆ ಗೂಡಿನಲ್ಲಿ ಹಕ್ಕಿಗಳು ಗುಟುರುಗುಡುತ್ತಿದ್ದವು.

ಖಾಲಾ ಖುಷಿಯಾಗಿ, ಭಾನುವಾರ ರೊಟ್ಟಿ ತರುವುದಾಗಿ ಹೇಳಿ ಹೋದರು. ರೊಟ್ಟಿ ಮುರಿದರೆ ಸಂಬಂಧ ಗಟ್ಟಿ.

ಅಂದು ಸಂಜೆ ಕಾಳು ಹಾಕಲು ಹೋದಾಗ ತಾತನ ಕಾಲದ ಬಿಳಿ ಹೆಣ್ಣು ಪಾರಿವಾಳ ಎಂದಿನಂತೆ ಬಂದು ಅವಳ ಭುಜದ ಮೇಲೆ ಕೂತಿತು. ಮುಹಯ್ಯೋಳಿಗೆ ಅದರತ್ತ ತಿರುಗಿ ನೋಡಲಾಗಲಿಲ್ಲ. ಜನಕ್ಕೆ ಹೆದರಿ ಬಚ್ಚಿಟ್ಟುಕೊಂಡಿದ್ದು ಬೇರೆ, ಹೇಸಿಗೆ ಅಂದದ್ದು ಬೇರೆ. ಆ ಮಾತಾಡಿದ್ದು ತನ್ನದೇ ಬಾಯಿ...

ಭಾನುವಾರ ಖಾಲಾ ಎರಡು ದುಂಡು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಮುಹಯ್ಯೋ ಬಣ್ಣಬಣ್ಣದ ರೇಷ್ಮೆ ಉಡುಪು ತೊಟ್ಟು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ರೊಟ್ಟಿಗೆ ಇನ್ನೂ ಯಾರೂ ಕೈ ಹಾಕಿರಲಿಲ್ಲ. ಅಷ್ಟರಲ್ಲಿ ಬೀದಿಬಾಗಿಲು ದೂಡಿಕೊಂಡು ಜಫರ್ ಬಂದ. ಎರಡೂ ಕೈಯಲ್ಲಿ ಪಂಜರ!

"ನೀನ್ಯಾಕೋ ಬಂದೆ ಇಲ್ಲಿಗೆ? ಮರ್ಯಾದೆ ಇಲ್ವಾ?" ಖಾಲಾ ಗದರಿದರು.

"ಕೊಟ್ಟು ಹೋಗ್ತೀನಮ್ಮ." ಅವನು ಎಲ್ಮುರೋದ್‌ನ ಮುಂದೆ ಪಂಜರ ಇಳಿಸಿದ. ಧ್ವನಿ ಗಟ್ಟಿಯಾಗಿರಲು ಹೆಣಗುತ್ತಿತ್ತು. "ಅಣ್ಣ, ನಿಮ್ಮ ತಂಗಿಗೆ ಇವುಗಳ ವಾಸನೆ ಆಗಲ್ವಂತೆ. ಅವಳು ನಮ್ಮನೆಗೆ ಬರೋಳು. ಅದಕ್ಕೇ ಈ ಚಟ ಬಿಟ್ಟುಬಿಟ್ಟೆ. ಊರಲ್ಲಿ ಇವನ್ನ ಒಪ್ಪಿಸಬಹುದಾದ ಕೈ ನಿಮ್ಮದೊಂದೇ."

ಅಡುಗೆಮನೆಯಲ್ಲಿ ಚಹಾ ಬಟ್ಟಲು ತುಂಬಿ ಚೆಲ್ಲಿತು.

*ನನಗೋಸ್ಕರ... ನಾನು ಆಡಿದ ಸುಳ್ಳಿಗೋಸ್ಕರ!*

"ಅಯ್ಯೋ, ಇರ್ಲಿ ಬಿಡು ತಮ್ಮ..." ಎಲ್ಮುರೋದ್ ಹಿಂದೆ ಸರಿದ. ಜಫರ್ ಬಿಡಲಿಲ್ಲ. ಕೆಂಪು ಹೆಣ್ಣನ್ನು ತೆಗೆದು ಅವನ ಕೈಗೇ ಕೊಟ್ಟ. ಎಲ್ಮುರೋದ್ ಕಲ್ಲಂಗಡಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು, ಮುಖ ಆಚೆ ತಿರುಗಿಸಿದ. ಹಕ್ಕಿ ಒಮ್ಮೆ ರೆಕ್ಕೆ ಒದರಿತು. ಅವನು ಚೀರಿ ಕೈಬಿಟ್ಟ!

ಕೆಂಪು ಹಕ್ಕಿ ಚಪ್ಪರ ದಾಟಿ ಮೇಲೇರಿ, ದಿಕ್ಕು ತೋಚದೆ ಸುತ್ತತೊಡಗಿತು.

"ನಮ್ಮನೇಲಿ ಒಂದೂ ಹಕ್ಕಿ ಇಲ್ಲ, ಎಲ್ಲ ಇಲ್ಲೇ ಪಂಜರದಲ್ಲಿವೆ. ಖಾಲಿ ಮಾಳಿಗೆಗೆ ಅದು ಇಳಿಯಲ್ಲ!" ಜಫರ್‌ನ ಕಣ್ಣು ಆಕಾಶದಲ್ಲಿತ್ತು. "ಅಣ್ಣ, ಬೇಗ ನಿಮ್ಮ ಹಿಂಡು ಬಿಡಿ! ಬೆಳಿಗ್ಗೆಯಿಂದ ಬಜಾರಿನ ಮೇಲೆ ಗಿಡುಗ ತಿರುಗ್ತಿದೆ. ಸಿಳ್ಳೆ ಹೊಡೀರಿ!"

ಎಲ್ಮುರೋದ್ ತುಟಿ ಚೂಪು ಮಾಡಿದ. ಬರೀ ಗಾಳಿ ಬಂತು.

ಮುಹಯ್ಯೋ ಬಾಗಿಲಿಗೆ ಬಂದಳು. ಅಮ್ಮ ಅವಳ ತೋಳು ಹಿಡಿದು ಪಿಸುಗುಟ್ಟಿದಳು. "ಸುಮ್ನಿರೇ. ಒಂದು ಹಕ್ಕಿ ತಾನೇ? ರೊಟ್ಟಿ ಇನ್ನೂ ಮುರಿದಿಲ್ಲ."

ಸುಮ್ಮನಿದ್ದರೆ ಸಾಕಿತ್ತು. ರೊಟ್ಟಿ ಮುರಿಯುತ್ತಿತ್ತು, ಜಫರ್ ಅವಳವನಾಗುತ್ತಿದ್ದ. ಆಮೇಲೆ ಜೀವನವಿಡೀ ಅವನು ಖಾಲಿ ಆಕಾಶ ನೋಡುವುದನ್ನು ಅವಳು ನೋಡಬೇಕಿತ್ತು.

ಅಮ್ಮನ ಕೈ ಬಿಡಿಸಿಕೊಂಡಳು. ಟೋಪಿಯಿಲ್ಲ, ಕೋಟಿಲ್ಲ. ರೇಷ್ಮೆ ಉಡುಪನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಏಣಿ ಹತ್ತಿದಳು. ಅಕ್ಕಪಕ್ಕದ ಅಂಗಳಗಳಿಂದ ತಲೆಗಳು ಎದ್ದವು.

"ಅಯ್ಯಯ್ಯೋ, ಅದು ಹನೀಫಾ ಮಗಳಲ್ವಾ?"

ನಾಚಿಕೆಯಿಂದ ಕುತ್ತಿಗೆವರೆಗೂ ಕೆಂಪಾದಳು. ಆದರೂ ಗೂಡು ತೆರೆದು ಹಿಂಡು ಹಾರಿಸಿದಳು. ಬಿಳಿ ಹೆಣ್ಣಿನ ಕಾಲುಗಳನ್ನು ಬೆರಳ ಸಂದಿಯಲ್ಲಿ ಹಿಡಿದು, ಅದು ರೆಕ್ಕೆ ಬಡಿಯುವಂತೆ ಕೈ ಎತ್ತಿದಳು. ಎರಡು ಬೆರಳು ಬಾಯಿಗಿಟ್ಟಳು.

ಸಿಳ್ಳೆ ಬೀದಿ ಸೀಳಿಕೊಂಡು ಹೋಯಿತು!

ಕೆಂಪು ಹಕ್ಕಿ ಹಿಂಡಿನೊಳಗೆ ಬೆರೆಯಿತು. ಒಂದು ಸುತ್ತು ಬಂತು. ರೆಕ್ಕೆ ಬಡಿದು, ಒಂದು, ಎರಡು, ಮೂರು ಲಾಗ ಹಾಕಿ, ಬಿಳಿ ಹೆಣ್ಣಿನ ಪಕ್ಕಕ್ಕೇ ಬಂದು ಇಳಿಯಿತು. ಮುಹಯ್ಯೋ ಅದನ್ನು ಹಿಡಿದು ಎದೆಗೊತ್ತಿಕೊಂಡಳು. ತಿರುಗಿದರೆ ಏಣಿಯ ತುದಿಯಲ್ಲಿ ಜಫರ್.

"ನೀವು... ಅವತ್ತು ಸಿಳ್ಳೆ ಹೊಡೀತಿದ್ದೋರು..."

"ನಾನೇ."

"ಊಟಕ್ಕೆ ಕೂತಾಗಿನ ಪುರಾಣ?"

"ಎಲ್ಲಾ ನಂದೇ." ಅವಳ ಕಣ್ಣು ತುಂಬಿತು. "ಸುಳ್ಳು ಹೇಳಿದ್ದಕ್ಕೆ ನೀವು ಬೈದ್ರೆ ತಡ್ಕೋತೀನಿ. ಆದ್ರೆ ವಾಸನೆ ಅಂದ್ನಲ್ಲ... ಹತ್ತು ವರ್ಷ ನನ್ನನ್ನ ಬದುಕಿಸಿದ್ದು ಇವು. ಇವುಗಳ ಬಗ್ಗೆ ಆ ಮಾತು ಆಡ್ಬಿಟ್ಟೆ. ನಾಚಿಕೆ ಆಗುತ್ತೆ ಜಫರ್. ಇವುಗಳ ಮುಖ ನೋಡೋಕೇ ನಾಚಿಕೆ ಆಗುತ್ತೆ."

ಅವನು ಏಣಿಯ ಕೊನೆಯ ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದ.

"ಕೋಪ ಬಂದಿದೆ," ಎಂದ. "ನಿನ್ನೆ ಇವಕ್ಕೆ ಕೊನೇ ಸಲ ಕಾಳು ಹಾಕ್ತಾ ಚಿಕ್ಕ ಹುಡುಗನ ಥರ ಅತ್ತಿದೀನಿ."

"ಗೊತ್ತು. ವಾಪಸ್ ತಗೊಂಡು ಹೋಗಿ. ರೊಟ್ಟೀನೂ."

ಕೆಳಗಿನಿಂದ ಖಾಲಾರ ಕೂಗು ಬಂತು. "ಇಳಿಸೋ ಹುಡುಗಿ ಬೇಕು ಅಂದ್ರೆ ಹತ್ತೋಳು ಸಿಕ್ಕಿದಾಳೆ ನೋಡು! ನಂಗೇ ಸುಳ್ಳು ಹೇಳಿದ್ಯಲ್ಲೇ!"

ಮುಹಯ್ಯೋ ಮಾಳಿಗೆಯ ಅಂಚಿಗೆ ಬಂದು ತಲೆ ತಗ್ಗಿಸಿದಳು. "ಹೌದು ಖಾಲಾ, ಸುಳ್ಳು ಹೇಳಿದೆ. ನಿಮ್ಮ ಮಗನನ್ನ ಮಾಳಿಗೆಯಿಂದ ಇಳಿಸೋಕೆ ನನ್ನಿಂದ ಆಗಲ್ಲ. ನಾನೇ ಇಳಿಯಲ್ಲ."

ಖಾಲಾ ಮಗನ ಮುಖ ನೋಡಿದರು. ಬೆಳಿಗ್ಗೆಯಿಂದ ಸತ್ತಂತಿದ್ದ ಆ ಮುಖ ಈಗ ಹಾಗಿರಲಿಲ್ಲ. ಅವರು ನಿಟ್ಟುಸಿರಿಟ್ಟು ರೊಟ್ಟಿ ಸುತ್ತಿದ್ದ ಬಟ್ಟೆ ಬಿಚ್ಚಿದರು.

"ಇಬ್ಬರೂ ಮೇಲೇ ಕೂತ್ರೆ ನಾನು ಯಾರ ಮುಂದೆ ರೊಟ್ಟಿ ಮುರೀಲಿ? ಊಟದ ಹೊತ್ತಿಗಾದ್ರೂ ಇಳೀತೀರೋ ಇಲ್ವೋ?"

ಎಲ್ಮುರೋದ್ ಕೆಳಗಿನಿಂದ ಕೈಮುಗಿದ. "ದಯವಿಟ್ಟು ಹೂಂ ಅನ್ನೇ! ಇನ್ಮೇಲೆ ಚಹಾ ಅಂಗಡೀಲಿ ಯಾರೂ ನನ್ನ ಏನೂ ಕೇಳಲ್ಲ!"

ಮುಹಯ್ಯೋ ಅಳುತ್ತಲೇ ನಕ್ಕಳು. ಕೆಂಪು ಹಕ್ಕಿಯನ್ನು ಜಫರ್‌ಗೆ ಚಾಚಿದಳು. "ನಿಮ್ಮದು."

ಅವನು ತೆಗೆದುಕೊಳ್ಳಲಿಲ್ಲ. "ನಿಮ್ಮ ಹಿಂಡಲ್ಲಿ ಇಳಿದಿದೆ. ಎರಡನೇ ಸಲ. ಹಿಡಿದವರದ್ದೇ ಹಕ್ಕಿ."

"ಹಾಗಾದ್ರೆ ನೀವು ಗೋಗರೆಯಬೇಕು."

"ಗೋಗರೆಯೋಕೇ ಹತ್ತಿ ಬಂದಿದೀನಿ," ಎಂದ ಜಫರ್, ಮೆಲ್ಲಗೆ. "ಆದ್ರೆ ಹಕ್ಕಿಗಲ್ಲ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನು ಕೈ ಚಾಚಿ ಅವಳ ಕೂದಲಲ್ಲಿ ಸಿಕ್ಕಿದ್ದ ಬಿಳಿ ಗರಿಯನ್ನು ಮುಟ್ಟಿದ.

"ಗಾಳಿಗೆ ಬಂದಿದ್ದಾ?"

"ಅಲ್ಲ," ಎಂದಳು ಮುಹಯ್ಯೋ. "ನಂದೇ. ತೆಗೀಬೇಡಿ, ಇರ್ಲಿ."